ಹೆಸರಿಲ್ಲದ ಒಂದು ಬಟನ್

ನಾನು ಮಾಡಿಕೊಡುವ ಪ್ರತಿಯೊಂದು ಪರದೆಯಲ್ಲೂ ಕೆಳಗಿನ ಬಲಮೂಲೆಯಲ್ಲಿ ಒಂದು ಖಾಲಿ ಬಟನ್ ಇರುತ್ತದೆ. ಅದರ ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಒತ್ತಿದರೆ ಏನೂ ಆಗುವುದಿಲ್ಲ. ಮೊನ್ನೆ ತಿಕೋಟಾದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಹೊಸ ಪರದೆ ಹಾಕಿಕೊಟ್ಟು ಏಳುತ್ತಿದ್ದೆ. ಅಲ್ಲಿ ತೂಕ ಬರೆದುಕೊಳ್ಳುವ ಹೆಣ್ಣುಮಗಳು ಎಲ್ಲ ಬಟನ್ನುಗಳನ್ನೂ ಒತ್ತಿ ನೋಡಿ, ಕೊನೆಗೆ ಆ ಮೂಲೆಗೆ ಬಂದು ನಿಂತಳು.

"ಅಕ್ಕಾರ, ಇದೊಂದು ಹಂಗ ಉಳದೈತಲ್ರಿ. ಮರತ್ರೇನು?"

ಇರಲಿ ಬಿಡು, ಮುಂದೆ ಏನಾದರೂ ಬೇಕಾದೀತು ಎಂದೆ. ಅವಳು ನನ್ನನ್ನು ಒಂದು ನಮೂನೆ ನೋಡಿದಳು. ಅಂಗಿ ಹೊಲಿದು ಕೊಟ್ಟು ಗುಂಡಿಯ ಒಂದು ಕಾಜ ಹೆಚ್ಚಿಗೆ ಮಾಡಿಟ್ಟ ಸಿಂಪಿಗರವನನ್ನು ಹೀಗೆಯೇ ನೋಡುತ್ತಾರೆ ಅನಿಸಿತು. ಬಸ್ಸಿನಲ್ಲಿ ವಿಜಯಪುರಕ್ಕೆ ಮರಳುವಾಗ ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿತ್ತು. ಮರೆತಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು.

ನನ್ನ ಕೆಲಸ ಏನೆಂಬುದನ್ನು ಮೊದಲು ಹೇಳಬೇಕು. ಜಲನಗರದ ನಮ್ಮ ಮನೆಯ ಓಣಿಯವರಿಗೂ ಅದು ಸರಿಯಾಗಿ ತಿಳಿದಿಲ್ಲ. ಎದುರು ಮನೆಯ ಅತ್ತಿಯವರು ನನ್ನನ್ನು "ಕಂಪ್ಯೂಟರಿಗೆ ಬಣ್ಣಾ ಹಚ್ಚಾಕಿ" ಎಂದು ಬೀಗರಿಗೆ ಪರಿಚಯಿಸುತ್ತಾರೆ. ಅದು ತೀರಾ ಸುಳ್ಳಲ್ಲ. ಹಳೆಯ ಪ್ರೋಗ್ರಾಮುಗಳು ಕಪ್ಪು ಪರದೆಯಲ್ಲಿ ನಡೆಯುತ್ತವೆ. ಅಲ್ಲಿ ಒತ್ತಲು ಏನೂ ಇಲ್ಲ. ಮಿಟುಕುವ ಒಂದು ಸಣ್ಣ ಗೆರೆ ಮಾತ್ರ ಇರುತ್ತದೆ. ನಮಗೆ ಬೇಕಾದದ್ದನ್ನು ನಾವೇ ನೆನಪಿಟ್ಟುಕೊಂಡು, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿ ಹೇಳಬೇಕು. ಹೊಸದಾಗಿ ಕೆಲಸಕ್ಕೆ ಬಂದವರು ಆ ಕತ್ತಲೆಯನ್ನು ನೋಡಿಯೇ ಹೆದರುತ್ತಾರೆ. ನಾನು ಅದರ ಮೇಲೆ ಬಣ್ಣದ ಕಿಟಕಿಯೊಂದನ್ನು ಕೂರಿಸುತ್ತೇನೆ. ಹಸಿರು ದ್ರಾಕ್ಷಿಗೊಂದು ಬಟನ್, ಕಪ್ಪಿಗೊಂದು, ಚೀಟಿ ತೆಗೆಯಲು ಇನ್ನೊಂದು. ಅದನ್ನು ಒತ್ತಿದಾಗ, ಒತ್ತಿದವರ ಪರವಾಗಿ ಹಳೆಯ ಮಾತನ್ನು ಒಳಗೆ ನನ್ನ ಕಿಟಕಿಯೇ ಬರೆದು ಕಳಿಸುತ್ತದೆ. ಕೆಲಸ ಮಾಡುವುದು ಆ ಹಳೆಯ ಪ್ರೋಗ್ರಾಮೇ.

ತಿಕೋಟಾದ ಶೆಡ್ಡುಗಳಲ್ಲಿ, ಬಬಲೇಶ್ವರದ ಬೀಜ ಗೊಬ್ಬರದ ಅಂಗಡಿಗಳಲ್ಲಿ ಇರುವ ಆ ಹಳೆಯ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ನನ್ನ ಕಾಕಾ ಬರೆದವು. ಅಪ್ಪನ ತಮ್ಮ. ಅಂದರೆ ಕಿಟಕಿ ನನ್ನದು, ಒಳಗಿನ ಮಾತು ಕಾಕಾನದು.

ಬಬಲೇಶ್ವರದ ಕಾಕಾನ ಮನೆಗೆ ಮೊದಲ ಕಂಪ್ಯೂಟರ್ ಬಂದಾಗ ನಾನು ಕನ್ನಡ ಸಾಲಿಗೆ ಹೋಗುತ್ತಿದ್ದೆ. ಒಣದ್ರಾಕ್ಷಿಯ ಖಾಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಕಾಕಾನ ಹೆಂಡತಿ, ನಮ್ಮ ಕಾಕು, ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಹಾಸಿ ಅದನ್ನು ಕೂರಿಸಿದ್ದರು. ಪೆಟ್ಟಿಗೆಯ ಸಂದಿನಿಂದ ಸಿಹಿ ಹುಳಿ ಕೂಡಿದ ವಾಸನೆ ಬರುತ್ತಿತ್ತು. ಇಂದಿಗೂ ಹೊಸ ಕಂಪ್ಯೂಟರಿನ ಡಬ್ಬ ಬಿಚ್ಚಿದರೆ ನನ್ನ ಮೂಗು ಮೊದಲು ದ್ರಾಕ್ಷಿಯ ವಾಸನೆಯನ್ನು ಹುಡುಕುತ್ತದೆ, ಬರೀ ಪ್ಲಾಸ್ಟಿಕ್ ಸಿಕ್ಕಿ ಮುನಿಸಿಕೊಳ್ಳುತ್ತದೆ. ಆಯುಧ ಪೂಜೆಯಂದು ಕಾಕು ಅದಕ್ಕೂ ವಿಭೂತಿ ಹಚ್ಚಿದಳು. ಹಚ್ಚಿದ ಮೂರು ಗೆರೆಗಳು ಸರಿಯಾಗಿ ಪರದೆಯ ನಡುವೆಯೇ ಬಂದು, ಎಷ್ಟೋ ದಿನ ಕಾಕಾ ಆ ಗೆರೆಗಳ ಹಿಂದಿನಿಂದಲೇ ಅಕ್ಷರ ಓದಿದ. ಒರೆಸಲು ಕಾಕು ಬಿಡಲಿಲ್ಲ.

ಒಂದು ದಿನ ಕಾಕಾ ನನ್ನನ್ನು ಅದರ ಮುಂದೆ ಕೂರಿಸಿದ. ಮಿಟುಕುವ ಗೆರೆಯನ್ನು ತೋರಿಸಿ, ನೀನು ಏನು ಹೇಳುತ್ತೀ ಎಂದು ಅದು ಕಾಯುತ್ತಿದೆ ಎಂದ. ಹೊಸಬರು ಸಿಕ್ಕರೆ ಮೊದಲು ಏನು ಕೇಳಬೇಕೆಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ನಾನು ಒಂದೊಂದೇ ಅಕ್ಷರ ಹುಡುಕಿ, ಇಂಗ್ಲಿಷ್ ಲಿಪಿಯಲ್ಲಿ, 'ಊಟ ಆತೇನು' ಎಂದು ಟೈಪು ಮಾಡಿದೆ. ಕಂಪ್ಯೂಟರ್ ಒಂದು ಸಾಲು ಬೈದು ಹಾಕಿತು. ಕೆಟ್ಟ ಮಾತು ಎಂದಿದೆ ಎಂದು ಕಾಕಾ ಓದಿ ಹೇಳಿದ. ನಾನು ಅಳತೊಡಗಿದೆ. ಊಟ ಆಯಿತೇ ಎಂದು ಕೇಳಿದ್ದು ಕೆಟ್ಟ ಮಾತು ಹೇಗಾಯಿತು?

ಕಾಕಾ ನಕ್ಕ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ: "ಅದಕ್ಕ ಸಿಟ್ಟ ಬಂದಿಲ್ಲ ಯವ್ವಾ. ತಿಳಿದಿಲ್ಲ, ಅಷ್ಟ."

ಮುಂದೆ ನಾನು ಅದನ್ನೇ ಹೊಟ್ಟೆಪಾಡು ಮಾಡಿಕೊಂಡು, ತಿಕೋಟಾದಲ್ಲಿ ಅವನ ಗೆಳೆಯ ಮಲ್ಲಪ್ಪನವರ ಶೆಡ್ಡಿನ ಪ್ರೋಗ್ರಾಮಿಗೆ ಮೊದಲ ಬಣ್ಣದ ಕಿಟಕಿ ಕೂರಿಸಿದಾಗ, ಕಾಕಾನನ್ನು ಕರೆದು ತೋರಿಸಿದೆ. ಮಲ್ಲಪ್ಪನವರಿಗೆ ಬಹಳ ಖುಷಿಯಾಗಿತ್ತು. ಕಾಕಾ ಕನ್ನಡಕ ಏರಿಸಿಕೊಂಡು ಪ್ರತಿ ಬಟನ್ನನ್ನೂ ನೋಡಿದ. ಖಾನಾವಳಿಯ ಗೋಡೆಗೆ ತೂಗುಹಾಕಿದ ಬೋರ್ಡಿನ ಹಾಗೆ ಮಾಡಿದ್ದೀಯಲ್ಲ ಎಂದ. ಬೋರ್ಡಿನಲ್ಲಿ ಇದ್ದದ್ದನ್ನು ಯಾರಾದರೂ ಕೇಳಬಹುದು, ಬಾಯಿಲ್ಲದವನೂ ಬೆರಳು ತೋರಿಸಬಹುದು, ಅದು ಒಳ್ಳೆಯದೇ.

"ಆದ್ರ ಬೋರ್ಡಿನ್ಯಾಗ ಇಲ್ಲದ್ದ ಬೇಕಾದಾಂವ ಏನ ಮಾಡಬೇಕು?" ಎಂದ.

"ಅಂವಾ ನಿನ್ನ ಮನೀಗೆ ಊಟಕ್ಕ ಬರತಾನ ತಗೋ" ಎಂದರು ಮಲ್ಲಪ್ಪ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಮಲ್ಲಪ್ಪನವರು ಹೇಳಿದ್ದು ಬರೀ ತಮಾಷೆಯಾಗಿರಲಿಲ್ಲ. ಕಾಕಾನ ಮನೆಗೆ ಬಂದವರು ಹಾಗೆಯೇ ಹೋಗುವ ಮಾತೇ ಇರಲಿಲ್ಲ. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಒಂದು ಹೊರಸು, ಹುರಿ ಹೆಣೆದ ಮಂಚ. ಕಾಕಾ ಅದರ ಮೇಲೆ ಕೂತಿರುತ್ತಿದ್ದ. ಹೊಸ್ತಿಲ ಮೇಲೆ ಯಾರದಾದರೂ ನೆರಳು ಬಿದ್ದರೆ ಸಾಕು, ಮುಖ ನೋಡುವ ಮೊದಲೇ "ಬರ್ರಿ ಬರ್ರಿ" ಎನ್ನುತ್ತಿದ್ದ. ಒಂದು ತಂಬಿಗೆ ನೀರು, ಅಂಗೈಯಲ್ಲಿ ಒಂದಿಷ್ಟು ಒಣದ್ರಾಕ್ಷಿ. ಅದಾದ ಮೇಲೆಯೇ ಯಾಕೆ ಬಂದಿರಿ ಎಂಬ ಮಾತು. ಕರೆಂಟಿನ ಬಿಲ್ಲು ಕೊಡಲು ಬಂದವನಿಗೂ ಇದು ತಪ್ಪುತ್ತಿರಲಿಲ್ಲ. ಅವನು ಗಡಿಬಿಡಿಯಲ್ಲಿದ್ದರೆ ದ್ರಾಕ್ಷಿಯನ್ನು ಕಿಸೆಗೆ ಹಾಕಿ ಕಳಿಸುತ್ತಿದ್ದ.

ಆ ಕಾಕಾನಿಗೆ ಲಕ್ವಾ ಹೊಡೆಯಿತು.

ಬಲಗೈ ಹೋಯಿತು. ಬಲಗಾಲು ಅರ್ಧ ಹೋಯಿತು. ಮಾತು ಪೂರ್ತಿ ಹೋಯಿತು. ವಿಜಯಪುರದ ದವಾಖಾನೆಯಲ್ಲಿ ಡಾಕ್ಟರರು ನನ್ನನ್ನು ಹೊರಗೆ ಕರೆದು ನಿಧಾನವಾಗಿ ವಿವರಿಸಿದರು. ನೀವು ಹೇಳಿದ್ದು ಅವರಿಗೆ ತಿಳಿಯುತ್ತದೆ. ತಂಬಿಗೆಯನ್ನು ಕಂಡರೆ ತಂಬಿಗೆ ಎಂದು ಗೊತ್ತಾಗುತ್ತದೆ. ಆದರೆ ಆ ಹೆಸರನ್ನು ಒಳಗಿನಿಂದ ಎತ್ತಿ ತರಲು ಆಗುವುದಿಲ್ಲ. ಬರೆಯಲೂ ಆಗುವುದಿಲ್ಲ. ತೋರಿಸಿದರೆ ಗುರುತಿಸುತ್ತಾರೆ, ಅಷ್ಟೇ.

ಡಾಕ್ಟರರು ಹೇಳಿದ್ದು ನನ್ನ ಕಸುಬಿನ ಮಾತೇ ಆಗಿತ್ತು. ಕಪ್ಪು ಪರದೆಯ ಮುಂದೆ ನೆನಪಿನಿಂದ ಹೇಳಬೇಕು, ಕಿಟಕಿಯ ಮುಂದೆ ಗುರುತಿಸಿದರೆ ಸಾಕು. ಕಾಕಾನೊಳಗೆ ಗೆರೆ ಇನ್ನೂ ಮಿಟುಕುತ್ತಿತ್ತು. ಅದರ ಮುಂದೆ ಬರೆಯಲು ಅವನಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.

ಉಳಿದದ್ದು ಒಂದೇ ಸದ್ದು. "ಅದ." ನೀರಿಗೂ ಅದ, ನೋವಿಗೂ ಅದ, ನನಗೂ ಅದ. ಕಾಕು ಒಂದೊಂದೇ ಹೆಸರು ಹೇಳುತ್ತಾ ಹೋಗುತ್ತಿದ್ದಳು. ಅವನು ಅಲ್ಲ ಅಲ್ಲ ಎಂದು ತಲೆಯಾಡಿಸಿ, ಕೊನೆಗೆ ಸಿಟ್ಟಾಗಿ ಎಡಗೈಯಿಂದ ಹೊರಸಿನ ಹುರಿಯನ್ನು ಎಳೆಯುತ್ತಿದ್ದ. ಹುರಿ ಒಂದು ಕಡೆ ಪೂರ್ತಿ ಜೋತುಬಿದ್ದಿತ್ತು. ಅವನ ಸಿಟ್ಟು ನೋಡಿ ಕಾಕು ಅಡಿಗೆಮನೆಗೆ ಹೋಗಿ ಅಳುತ್ತಿದ್ದಳು. ಅದಕ್ಕೆ ಸಿಟ್ಟು ಬಂದಿಲ್ಲ, ತಿಳಿದಿಲ್ಲ ಅಷ್ಟೆ ಎಂದು ಅವನು ನನಗೆ ಹೇಳಿದ್ದನ್ನು ಈಗ ಅವನಿಗೆ ನಮ್ಮ ಬಗ್ಗೆ ಯಾರಾದರೂ ಹೇಳಬೇಕಾಗಿತ್ತು.

ಒಂದು ಟ್ಯಾಬಿನಲ್ಲಿ ಅವನಿಗಾಗಿ ಕಿಟಕಿ ಮಾಡಿದೆ. ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ನೀರು, ಊಟ, ಗುಳಿಗೆ, ನೋವು, ಫ್ಯಾನು, ಹೊರಕಡೆ. ಎಡಗೈ ಬೆರಳಿಗೆ ಸಲೀಸಾಗಲೆಂದು ದೊಡ್ಡ ದೊಡ್ಡ ಬಟನ್ನುಗಳು. ನೀರಿನ ಬಟನ್ನಿಗೆ ಅವರ ಮನೆಯ ತಂಬಿಗೆಯದೇ ಫೋಟೋ. ಒತ್ತಿದರೆ ಯಂತ್ರದ ದನಿ "ನನಗೆ ನೀರು ಬೇಕು" ಎನ್ನುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳನ್ನು ಕೂಗುವ ಹೆಣ್ಣುದನಿಯಂಥದು. ಕಾಕಾ ಒಂದೇ ದಿನದಲ್ಲಿ ಕಲಿತ. ಕಾಕು ಕಣ್ಣು ಒರೆಸಿಕೊಂಡು, "ಮೊದಲ ನಾ ಒಂದಂದ್ರ ಇವರು ನಾಕ ಅಂತಿದ್ರು. ಈಗ ಆ ಬಾಯಾಗ ಯಾವಾಕಿನೋ ಬಂದ ಕುಂತಾಳ ನೋಡು" ಎಂದಳು. ಕಾಕಾ ಬಾಯಿಯ ಎಡಬದಿಯಿಂದ ನಕ್ಕ. ಲಕ್ವಾ ಹೊಡೆದ ಮೇಲೆ ಅದೇ ಮೊದಲು.

ಆದರೆ ಕೆಲವು ದಿನ ಕಳೆದ ಮೇಲೆ ಕಾಕು ಫೋನಿನಲ್ಲಿ ದೂರತೊಡಗಿದಳು. ಹಟ ಹೆಚ್ಚಾಗಿದೆ, ಮಂದಿಯ ಮುಂದೆ ಮಾನ ಕಳೆಯುತ್ತಾರೆ ಎಂದಳು. ಮನೆಯಲ್ಲಿ ಇಬ್ಬರೇ ಇದ್ದಾಗ ಎಲ್ಲವೂ ಸರಿಯಾಗಿರುತ್ತಿತ್ತು. ನೋಡಲು ಯಾರಾದರೂ ಬಂದರೆ ಕಾಕಾ ನೀರಿನ ಬಟನ್ ಒತ್ತುತ್ತಿದ್ದ. ನೀರು ತಂದು ಬಾಯಿಗೆ ಹಿಡಿದರೆ ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದ. ಮತ್ತೆ ಒತ್ತುತ್ತಿದ್ದ. ಮತ್ತೆ ತಂದರೆ ಮತ್ತೆ ಬೇಡ. ಬಂದವರು ಇರುಸುಮುರುಸಾಗಿ ಬೇಗ ಎದ್ದು ಹೋಗುತ್ತಿದ್ದರು. ಕ್ರಮೇಣ ಬರುವವರೇ ಕಡಿಮೆಯಾದರು. ಬಾಗಿಲಿಗೆ ಎದುರಾಗಿದ್ದ ಹೊರಸನ್ನು ಒಳಕೋಣೆಗೆ ಹಾಕೋಣವೇ ಎಂದು ಕಾಕು ಕೇಳಿದಳು. ನಾನು ಟ್ಯಾಬಿನಲ್ಲಿ ಏನೋ ಕೆಟ್ಟಿರಬೇಕೆಂದು, ಬಂದು ನೋಡುವವರೆಗೆ ತಡೆ ಎಂದೆ.

ರವಿವಾರ ಹೋದೆ. ಟ್ಯಾಬನ್ನು ಬಿಚ್ಚಿ ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಅಷ್ಟರಲ್ಲಿ ತಿಕೋಟಾದಿಂದ ಮಲ್ಲಪ್ಪನವರು ಬಂದರು. ಹೊಸ್ತಿಲ ಮೇಲೆ ಅವರ ನೆರಳು ಬಿದ್ದದ್ದನ್ನು ನಾನು ನೋಡಿದೆ. ನೆರಳು ಬಿದ್ದ ಕೂಡಲೇ, ಅವರ ಮುಖ ಕಾಣುವ ಮೊದಲೇ, ಕಾಕಾನ ಎಡಗೈ ನೀರಿನ ಬಟನ್ನಿನ ಮೇಲೆ ಹೋಯಿತು.

"ನನಗೆ ನೀರು ಬೇಕು" ಎಂದಿತು ಆ ಹೆಣ್ಣುದನಿ.

ಕಾಕು ತಂಬಿಗೆ ತಂದು ಅವನ ತುಟಿಗೆ ಹಿಡಿದಳು. ಅವನು ಮುಖ ತಿರುಗಿಸಿದ. ಆಮೇಲೆ ಎಡಗೈಯಿಂದ ತಂಬಿಗೆಯನ್ನು, ಅವಳ ಕೈಯ ಸಮೇತ, ಮಲ್ಲಪ್ಪನವರ ಕಡೆಗೆ ನೂಕಿದ. ನೀರು ಮಲ್ಲಪ್ಪನವರ ಧೋತರದ ಮೇಲೆಲ್ಲ ಚೆಲ್ಲಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಕಾಕಾ ಅವರನ್ನೇ ನೋಡುತ್ತಿದ್ದ. "ಅದ" ಎಂದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ನಾಚಿಕೆ ಇತ್ತು.

ಕಾಕು ತಂಬಿಗೆಯನ್ನು ನೆಲಕ್ಕಿಟ್ಟು ಅಲ್ಲಿಯೇ ಕೂತಳು.

"ಅಯ್ಯ ಶಿವನ," ಎಂದಳು. "ನಿಮಗ ಕೊಡು ಅಂತಾರ್ರೀ ಅಣ್ಣಾರ. ಇಷ್ಟ ದಿನಾ ಬಂದವರಿಗೆಲ್ಲಾ ನೀರ ಕೊಡು, ನೀರ ಕೊಡು ಅಂತ ಬಡಕೊಂಡಾರ. ನಾ ತಂದ ತಂದ ಇವರಿಗೇ ಕುಡಿಸಾಕತ್ತೇನಿ."

ಮಲ್ಲಪ್ಪನವರು ಹೊರಸಿನ ಅಂಚಿಗೆ ಕೂತು, ತಂಬಿಗೆಯಲ್ಲಿ ಉಳಿದಿದ್ದ ಒಂದು ಗುಟುಕು ನೀರನ್ನು ಎತ್ತಿ ಕುಡಿದರು. ಕಾಕಾ ಅವರ ಗಂಟಲನ್ನೇ ನೋಡುತ್ತಿದ್ದ. ನೀರು ಇಳಿದದ್ದು ಖಾತ್ರಿಯಾದ ಮೇಲೆ ದಿಂಬಿಗೆ ಒರಗಿದ.

ನಾನು ಮಾಡಿದ ಬಟನ್ನುಗಳೆಲ್ಲ 'ನನಗೆ ಬೇಕು' ಎಂದು ಕೇಳುವವು. ಹಾಸಿಗೆ ಹಿಡಿದವನಿಗೆ ಕೇಳುವುದು ಬಿಟ್ಟು ಬೇರೇನು ಇರುತ್ತದೆ ಎಂದುಕೊಂಡಿದ್ದೆ. ಕೊಡುವುದಕ್ಕೆ ಅವನಿಗೊಂದು ಬಟನ್ ಇರಲಿಲ್ಲ. ಹಾಗಾಗಿ ಇದ್ದ ಬಟನ್ನಿನಿಂದಲೇ ಅವನು ತನ್ನ ಮನೆಯ ಯಜಮಾನಿಕೆಯನ್ನು ನಡೆಸಲು ನೋಡಿದ್ದ, ಪ್ರತಿ ಸಲವೂ ಸೋತಿದ್ದ.

ಹೊಸ ಬಟನ್ನಿಗೆ ಯಂತ್ರದ ದನಿ ಹಾಕಲು ಮನಸ್ಸು ಬರಲಿಲ್ಲ. ನಮ್ಮ ಜಲನಗರದ ಮನೆಯ ಗೃಹಪ್ರವೇಶದ ವೀಡಿಯೋ ನೆನಪಾಯಿತು. ಆವತ್ತು ನಮ್ಮ ಮನೆಯ ಬಾಗಿಲಲ್ಲಿ ನಿಂತು ಜನರನ್ನು ಕರೆದವನು ಕಾಕಾನೇ. ವೀಡಿಯೋ ಮಾಡಿದವನು ಹೆಂಗಸರ ಸೀರೆ, ಬಂಗಾರದ ಮೇಲೆಯೇ ಕ್ಯಾಮೆರಾ ಇಟ್ಟಿದ್ದ. ಕಾಕಾ ಎಲ್ಲಿಯೂ ಸರಿಯಾಗಿ ಕಾಣುವುದಿಲ್ಲ. ಒಂದು ಕಡೆ ಅವನ ಭುಜ, ಒಂದು ಕಡೆ ರುಮಾಲಿನ ತುದಿ. ಆದರೆ ದನಿ ಇತ್ತು. ಅದನ್ನು ಕತ್ತರಿಸಿ ತೆಗೆಯುವ ಪ್ರೋಗ್ರಾಮಿಗೆ ಕಿಟಕಿಯಿಲ್ಲ. ಮಂದಿಗೆ ಬಟನ್ ಮಾಡಿಕೊಟ್ಟು ಬದುಕುವ ನಾನು ಕಪ್ಪು ಪರದೆ ತೆರೆದು, ಮಿಟುಕುವ ಗೆರೆಯ ಮುಂದೆ ಕೂತು, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ಟೈಪು ಮಾಡಿದೆ. ಒಮ್ಮೆ 'ಬ' ಹೋಯಿತು. ಒಮ್ಮೆ ಶಹನಾಯಿ ಸೇರಿತು. ಕೊನೆಗೆ ಸಿಕ್ಕಿತು. ಒಂದೇ ಕೊರತೆ. ಕಾಕಾನ ಮಾತು ಮುಗಿಯುವಲ್ಲಿ ಅಡಿಗೆಮನೆಯಲ್ಲಿ ಯಾರೋ ತಾಟು ಬೀಳಿಸಿದ್ದರು. ಆ ಸದ್ದು ಮಾತಿನ ಬಾಲಕ್ಕೆ ಅಂಟಿಕೊಂಡಿತ್ತು. ತೆಗೆಯಲು ಹೋದರೆ ಕೊನೆಯ ಅಕ್ಷರವೂ ಹೋಗುತ್ತಿತ್ತು. ಹಾಗೆಯೇ ಬಿಟ್ಟೆ.

"ಬರ್ರಿ, ಬರ್ರಿ. ಕೂಡ್ರಿ. ನೀರ ಕುಡೀರಿ." ಹಿಂದೆಯೇ ತಾಟು ಬಿದ್ದ ಸದ್ದು.

ಮೊದಲ ಸಲ ಒತ್ತಿದಾಗ ಕಾಕಾ ಬೆರಳನ್ನು ಸುಟ್ಟುಕೊಂಡವನ ಹಾಗೆ ಹಿಂದಕ್ಕೆ ಎಳೆದುಕೊಂಡ. ಟ್ಯಾಬನ್ನು ನೋಡಿದ, ನನ್ನನ್ನು ನೋಡಿದ. ಎರಡೂ ಕಣ್ಣಿನಿಂದ ನೀರು ಇಳಿಯಿತು. ಬಲಗಡೆಯದು ಅವನಿಗೆ ತಿಳಿಯಲೇ ಇಲ್ಲ, ಕಾಕು ಒರೆಸಿದಳು. ಆಮೇಲೆ ಮತ್ತೆ ಒತ್ತಿದ. ಆ ದಿನದಿಂದ ಹೊಸ್ತಿಲಲ್ಲಿ ಏನು ಸುಳಿದರೂ ಒತ್ತುವುದೇ. ಹಾಲಿನವಳು, ಔಷಧದ ಅಂಗಡಿಯವನು, ಓಣಿಯ ಬೆಕ್ಕು. ಒಮ್ಮೆ ಪಕ್ಕದ ಮನೆಯ ಆಡು ಒಳಗೆ ಇಣುಕಿ ಕರೆಸಿಕೊಂಡಿತು. "ಆಡಿಗೂ ಕೂಡ್ರಿ ಅಂತಾರ, ನಾ ಇನ್ನ ಚಾಪಿ ಹಾಸೂದೊಂದ ಉಳದೈತಿ" ಎಂದು ಕಾಕು ಫೋನಿನಲ್ಲಿ ನಕ್ಕಳು. ಬರುವವರು ಮತ್ತೆ ಬರತೊಡಗಿದರು. ಹೊರಸು ಬಾಗಿಲಿಗೆ ಎದುರಾಗಿಯೇ ಉಳಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನನ್ನ ಜಾಣತನದ ಕಥೆಯಾಗುತ್ತಿತ್ತು.

ಕೊನೆಯ ಸಲ ಹೋದಾಗ, ಮಧ್ಯಾಹ್ನ ನಾವು ಊಟ ಮಾಡಿದ ಮೇಲೆ ಕಾಕಾ ಟ್ಯಾಬ್ ತೆಗೆದುಕೊಂಡು ಏನನ್ನೋ ಹುಡುಕತೊಡಗಿದ. ಅಷ್ಟರಲ್ಲಿ ನಾನು ಬಟನ್ನುಗಳ ಪುಟಗಳನ್ನು ಹೆಚ್ಚಿಸಿದ್ದೆ. ನೆಂಟರ ಫೋಟೋ, ತಿನಿಸು, ಹಬ್ಬ, ಹೊಲ, ದೇವರು. ಅವನು ಮೊದಲ ಪುಟದಿಂದ ಕೊನೆಯ ಪುಟಕ್ಕೆ ಹೋದ. ಪ್ರತಿ ಚಿತ್ರದ ಮೇಲೂ ಬೆರಳು ನಿಲ್ಲಿಸಿ, ಅಲ್ಲವೆಂದು ತಲೆಯಾಡಿಸಿ, ಮುಂದಕ್ಕೆ ಸರಿದ. ಕೊನೆಯ ಪುಟ ಮುಗಿದು ಖಾಲಿ ಜಾಗ ಬಂತು. ಆ ಖಾಲಿ ಜಾಗವನ್ನು ಬೆರಳಿನಿಂದ ತಟ್ಟಿದ. "ಅದ" ಎಂದ. ನನ್ನ ಮುಖ ನೋಡಿ ಮತ್ತೆ ತಟ್ಟಿದ.

ನನಗೆ ತೋಚಿದ್ದನ್ನೆಲ್ಲ ಕೇಳಿದೆ. ಹೊಲ ನೋಡಬೇಕೇ? ನಿಡೋಣಿಯಲ್ಲಿರುವ ಅವನ ತಂಗಿಗೆ ಹೇಳಿಕಳಿಸಬೇಕೇ? ಎಲ್ಲಾದರೂ ನೋಯುತ್ತಿದೆಯೇ? ಮಲ್ಲಪ್ಪನವರೇ? ಅಲ್ಲ. ಅಲ್ಲ. ಕಾಕು ಬಂದು ಕೇಳಿದಳು. ಅವಳದೂ ಅಲ್ಲ. ಅವನು ಸಿಟ್ಟಾಗಲಿಲ್ಲ, ಹುರಿ ಎಳೆಯಲಿಲ್ಲ. ನಮಗೆ ಇದು ತಿಳಿಯುವುದಲ್ಲ ಎಂದು ಒಪ್ಪಿಕೊಂಡವನ ಹಾಗೆ ಟ್ಯಾಬನ್ನು ಎದೆಯ ಮೇಲಿಟ್ಟುಕೊಂಡ.

ಸಂಜೆಯ ಬಸ್ಸಿಗೆಂದು ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಅವನ ದನಿ ಬಂತು.

"ಬರ್ರಿ, ಬರ್ರಿ. ಕೂಡ್ರಿ. ನೀರ ಕುಡೀರಿ."

ತಾಟು ಬಿತ್ತು. ನಾನು ತಿರುಗಿ ಬಂದು ಹೊರಸಿನ ಪಕ್ಕ ಕೂತೆ. ಕಾಕು ಕೊಟ್ಟ ನೀರು ಕುಡಿದೆ. ಬಸ್ಸು ಹೋದ ಸದ್ದು ಕೇಳಿತು. ಕಾಕಾ ತನ್ನ ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದ. ಮಧ್ಯಾಹ್ನ ಅವನು ಹುಡುಕಿದ ಮಾತು ಅದಾಗಿರಲಿಲ್ಲ, ನನಗೆ ಗೊತ್ತು. ಇದ್ದವುಗಳಲ್ಲಿ ಅದಕ್ಕೆ ಹತ್ತಿರದ್ದನ್ನು ಅವನು ಆರಿಸಿಕೊಂಡಿದ್ದ. ಅದು ಯಾವ ಮಾತೆಂದು ಇಂದಿಗೂ ಯೋಚಿಸುತ್ತೇನೆ. ಅಕ್ಕಿ ಆರಿಸುವಾಗ, ಬಟ್ಟೆ ಮಡಚುವಾಗ ಒಂದೊಂದು ಹೊಳೆಯುತ್ತದೆ. ಇದಿರಬಹುದೇ ಕಾಕಾ ಎಂದು ಕೇಳಿದರೆ 'ಅಲ್ಲ' ಎನ್ನುವವನೂ ಈಗ ಇಲ್ಲ. ಅಂದಿನಿಂದ ನನ್ನ ಯಾವ ಪರದೆಯನ್ನೂ ನಾನು ಪೂರ್ತಿ ತುಂಬಿಸಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಕಾಕಾ ಹೋದ.

ನಮ್ಮ ಕಡೆ ಸತ್ತವರ ಮನೆಗೆ ಬಂದವರನ್ನು ಬರ್ರಿ ಎಂದು ಕರೆಯುವುದಿಲ್ಲ. ಹೊರಡುವವರು ಬರತೇನಿ ಎನ್ನುವುದಿಲ್ಲ. ಬಂದವರು ತಾವಾಗಿ ಕೂರುತ್ತಾರೆ, ತಾವಾಗಿ ಎದ್ದು ಹೋಗುತ್ತಾರೆ. ಎಷ್ಟೋ ಸಾವಿನ ಮನೆಗಳಿಗೆ ಹೋಗಿದ್ದೇನೆ, ಇದು ಎಂದೂ ಭಾರವೆನಿಸಿರಲಿಲ್ಲ. ಆ ಮನೆಯಲ್ಲಿ, ಆ ಪಡಸಾಲೆಯಲ್ಲಿ, ಜನ ಕರೆಯಿಲ್ಲದೆ ಒಳಗೆ ಬಂದು ಗೋಡೆಗೆ ಒರಗಿ ಕೂರುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಹೊರಸನ್ನು ಎತ್ತಿ ನಿಲ್ಲಿಸಿದ್ದರು. ಟ್ಯಾಬ್ ಗೋಡೆಯ ಮಾಡದಲ್ಲಿ, ಕಾಕಾನ ಕನ್ನಡಕದ ಪಕ್ಕ ಇತ್ತು.

ಮಲ್ಲಪ್ಪನವರು ವ್ಯಾಪಾರಕ್ಕೆಂದು ಸಾಂಗ್ಲಿಗೆ ಹೋಗಿದ್ದರು. ಮಣ್ಣಿಗೆ ಸಿಗಲಿಲ್ಲ. ಮೂರನೆಯ ದಿನ ಬಂದರು. ಹೊಸ್ತಿಲ ಹೊರಗೆ ನಿಂತರು. ಚಪ್ಪಲಿ ಬಿಟ್ಟರು, ಒಳಗೆ ಕಾಲಿಡಲಿಲ್ಲ. ಎತ್ತಿ ನಿಲ್ಲಿಸಿದ ಹೊರಸನ್ನು ನೋಡಿದರು. ಟೊಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ನೆರಳು ಹೊಸ್ತಿಲು ದಾಟಿ ಪಡಸಾಲೆಯ ನಡುವಿನ ತನಕ ಬಿದ್ದಿತ್ತು. ಅವರನ್ನು ಕರೆಯುವ ಹಾಗಿರಲಿಲ್ಲ, ಅವರು ತಾವಾಗಿ ಬರುವ ಹಾಗೂ ಕಾಣಲಿಲ್ಲ. ಕೂತಿದ್ದ ಹಿರಿಯರು ನೆಲ ನೋಡುತ್ತಿದ್ದರು.

ಮೂಲೆಯಲ್ಲಿ ಮುದುಡಿ ಕೂತಿದ್ದ ಕಾಕು ಎದ್ದಳು. ಯಾರನ್ನೂ ನೋಡದೆ ಮಾಡದ ತನಕ ಹೋಗಿ, ಟ್ಯಾಬನ್ನು ತೆಗೆದು, ಸೆರಗಿನಿಂದ ಒರೆಸಿ, ಒತ್ತಿದಳು.

"ಬರ್ರಿ, ಬರ್ರಿ. ಕೂಡ್ರಿ. ನೀರ ಕುಡೀರಿ."

ತಾಟು ಬಿದ್ದ ಸದ್ದಿಗೆ ಕೂತವರೆಲ್ಲ ಅಡಿಗೆಮನೆಯ ಕಡೆ ತಿರುಗಿದರು. ಕಾಕು ತಿರುಗಲಿಲ್ಲ. ಮಲ್ಲಪ್ಪನವರು ಟೊಪಿಗೆಯನ್ನು ಎದೆಗೆ ಒತ್ತಿಕೊಂಡು ಒಳಗೆ ಬಂದು, ಹೊರಸು ಇರುತ್ತಿದ್ದ ಜಾಗದ ಎದುರು ನೆಲದ ಮೇಲೆ ಕೂತರು.

"ಕುಡೀತೇನಪಾ," ಎಂದರು. "ಕುಡದ ಹೋಗತೇನಿ."

ಕಾಕು ನೀರು ತರಲು ಒಳಗೆ ಹೋದಳು.